ಹೊರಗಿನ ಚಿಲಕ

ಆ ಮನೆಯಲ್ಲಿ ಸಂಜೆಯಾದರೆ ಗಂಡಸರು ಬೀದಿ ಬಾಗಿಲು ತೆರೆದಿಟ್ಟುಕೊಂಡೇ ಕುಡಿಯುತ್ತಿದ್ದರು. ಅಪ್ಪ, ದೊಡ್ಡಪ್ಪ, ಒಮ್ಮೊಮ್ಮೆ ಗಡಿಯಾರ ರಿಪೇರಿಯವನು. ಲೋಟ ತೊಳೆದಿಡುವುದು ಮಗಳ ಕೆಲಸ. ಅಪ್ಪನ ನಾಲಿಗೆ ತೊದಲಿದರೆ ಅಜ್ಜಿ, "ದುಡಿದು ದಣಿದ ಮೈ" ಎನ್ನುತ್ತಿದ್ದಳು. ಅಮ್ಮನ ನಾಲಿಗೆ ತೊದಲಿದರೆ ಮಾತ್ರ ಹಿಂದಿನ ಕೋಣೆಗೆ ನೂಕಿ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಯಾರಾದರೂ ಕೇಳಿದರೆ, ತವರಿಗೆ ಹೋಗಿದ್ದಾಳೆ. ಹೀಗೆ ಅಮ್ಮ ವರ್ಷದ ಅರ್ಧ ಕಾಲ ತವರಿನಲ್ಲೇ ಇರುತ್ತಿದ್ದಳು, ಆ ಕೋಣೆ ಬಿಟ್ಟು ಕದಲದೆ.

ಅಮ್ಮನಿಗೆ ಮೊದಲು ಕುಡಿಸಿದ್ದು ಯಾರು? ಅಜ್ಜಿಯೇ. ಮಗಳ ಬೆನ್ನಿಗೆ ಹುಟ್ಟಿದ ಕೂಸು ಕಣ್ಣು ಬಿಡುವ ಮೊದಲೇ ಹೋದಾಗ, ಅಮ್ಮನ ಅಳು ನಿಲ್ಲಲೆಂದು ಬಿಸಿನೀರಿಗೆ ಬ್ರಾಂದಿ ಬೆರೆಸಿ ಕೊಟ್ಟಳು. ಆಮೇಲೆ ಅಂಗಡಿಯವರ ಅಂಗಿಗಳಿಗೆ ಕಾಲರ್ ಹೊಲಿದು ಹೊಲಿದು ಬೆನ್ನು ಹಿಡಿದುಕೊಂಡಾಗಲೂ ಅದೇ ಔಷಧಿ. ಆ ಬೀದಿಯ ಅತ್ತೆಯರೆಲ್ಲ ಸೊಸೆಯರಿಗೆ ಹೀಗೆ ಕೊಡುತ್ತಿದ್ದರು, ಯಾರೂ ಅದನ್ನು ಕುಡಿತ ಎನ್ನುತ್ತಿರಲಿಲ್ಲ. ಸೊಸೆ ತಾನಾಗಿ ಬಾಟಲಿಗೆ ಕೈ ಹಾಕಿದ ದಿನ ಮಾತ್ರ ಅವಳು ಕುಲಗೆಟ್ಟವಳಾದಳು.

ಒಂದು ದಿನ ಅಮ್ಮ ಬಚ್ಚಲಲ್ಲಿ ಬಿದ್ದು ಹಣೆ ಒಡೆದುಕೊಂಡಳು. ಮಗಳು ಆಸ್ಪತ್ರೆಗೆ ಕರೆದೊಯ್ದಳು. ಹೊಲಿಗೆ ಹಾಕಿದ ಮೇಲೆ ನರ್ಸ್ ಮಗಳನ್ನು ಪಕ್ಕಕ್ಕೆ ಕರೆದಳು.

"ಜಾರಿ ಬಿದ್ರಾ?"

"ಹೂಂ."

"ಹೋದ ಸಲಾನೂ ಜಾರಿದ್ರು. ನಿಮ್ಮ ಬಚ್ಚಲು ಬಹಳ ನುಣುಪು ಕಣಮ್ಮ."

ನರ್ಸ್ ದನಿ ತಗ್ಗಿಸಿದಳು.

"ಡಾಕ್ಟರ್ ಹತ್ರ ಮಾತಾಡ್ತೀನಿ, ಮೈ ನಡುಗದ ಹಾಗೆ ಮಾತ್ರೆ ಕೊಡ್ತಾರೆ. ಆದ್ರೆ ಮಾತ್ರೆ ಒಂದೇ ಸಾಲದು. ಗುರುವಾರ ಸಂಜೆ ಗ್ರಂಥಾಲಯದ ಹಿಂದಿನ ರೂಮಲ್ಲಿ ಕುಡಿತ ಬಿಟ್ಟೋರು, ಬಿಡಬೇಕು ಅನ್ನೋರು ಸೇರ್ತಾರೆ. ನಾನೂ ಹೋಗ್ತೀನಿ."

"ರೋಗಿಗಳನ್ನ ನೋಡ್ಕೊಳ್ಳೋಕಾ?"

"ಇಲ್ಲಮ್ಮ. ನಾನೇ ರೋಗಿ."

ಬಿಳಿ ಬಟ್ಟೆ ತೊಟ್ಟ, ಸೂಜಿ ಹಿಡಿದರೆ ಬೆರಳು ನಡುಗದ ಈ ಹೆಂಗಸೂ! ಮಗಳಿಗೆ ನಂಬಲಾಗಲಿಲ್ಲ.

ಮೊದಲ ಗುರುವಾರ ಅವಳೊಬ್ಬಳೇ ಹೋಗಿ ಬಾಗಿಲ ಬಳಿಯ ಕುರ್ಚಿಯ ಅಂಚಿನಲ್ಲಿ ಕುಳಿತಳು. ಅಳು ಕೇಳಬೇಕಾದೀತೆಂದು ಅಂಜಿದ್ದಳು. ಅಲ್ಲಿ ಒಬ್ಬ ಬಸ್ ಡ್ರೈವರ್ ತಾನು ಬಾಟಲಿಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟದ್ದನ್ನು, ಹೆಂಡತಿ ತಿಳಿಯದೆ ಅದೇ ಡಬ್ಬಿಯನ್ನು ನೆರೆಮನೆಗೆ ಸಾಲ ಕೊಟ್ಟದ್ದನ್ನು ಹೇಳುತ್ತಿದ್ದ. ಎಲ್ಲರೂ ನಗುತ್ತಿದ್ದರು. ಯಾರೂ ಯಾರನ್ನೂ ಬೈಯಲಿಲ್ಲ. ಮುಂದಿನ ಗುರುವಾರ ಅಮ್ಮನನ್ನೂ ಕರೆತಂದಳು. ಅಮ್ಮ ಬಾಯಿ ಬಿಡಲಿಲ್ಲ. ಮರುವಾರ, ತನ್ನ ಸರದಿ ಬಂದಾಗ, "ನನಗೆ ನಿದ್ದೆ ಬರಲ್ಲ" ಎಂದಷ್ಟೇ ಹೇಳಿದಳು. ಆ ವಾರವೆಲ್ಲ ಅವಳು ಕುಡಿಯಲಿಲ್ಲ.

ಅವರಿಬ್ಬರು ಅಲ್ಲಿಂದ ಹೊರಬರುವುದನ್ನು ಗಡಿಯಾರ ರಿಪೇರಿಯವನು ನೋಡಿದ್ದ. ಮನೆಗೆ ಸುದ್ದಿ ಬಂತು.

"ಊರ ಗಂಡಸರ ಎದುರು ಕೂತ್ಕೊಂಡು ನಾನು ಕುಡುಕಿ ಅಂತ ಹೇಳೋದಾ?" ಕೈಯಲ್ಲಿ ಲೋಟ ಹಿಡಿದೇ ದೊಡ್ಡಪ್ಪ ಕೇಳಿದ.

"ಅಮ್ಮ ಹುಷಾರಾಗ್ತಿದಾಳೆ, ದೊಡ್ಡಪ್ಪ. ಕೈ ನಡುಕ ಕಡಿಮೆಯಾಗಿದೆ, ನೀವೇ ನೋಡಿ."

"ಅವಳ ಕೈ ನೋಡೋಕೆ ಯಾರು ಬರ್ತಾರೆ? ನಿನ್ನ ನೋಡೋಕೆ ಬರ್ತಾರೆ ಗುರುವಾರ. ಬಾಯಿ ಮುಚ್ಕೊಂಡಿರು."

"ಕುಡಿದ್ರೆ ಕುಡೀಲಿ," ಎಂದಳು ಅಜ್ಜಿ, "ಮನೆ ಒಳಗೆ ಇರಲಿ. ನಮ್ಮ ಕಾಲದಲ್ಲಿ ಹೆಂಗಸರು ಸತ್ರೂ ಸದ್ದಿಲ್ಲದೆ ಸಾಯ್ತಿದ್ರು."

ಅಪ್ಪ ಎದ್ದು ಹೋಗಿ ಅಮ್ಮನ ತಲೆದಿಂಬಿನ ಪಕ್ಕ ಅರ್ಧ ಬಾಟಲಿ ಇಟ್ಟು ಬಂದ. ಗಲಾಟೆ ಮಾಡದಿರಲಿ ಎಂದು! ಬಿಡಬೇಕೆಂದು ಒದ್ದಾಡುವವಳ ಕೈಗೆ ಗಂಡನೇ ಬಾಟಲಿ ಕೊಡುತ್ತಾನೆ, ಅದಕ್ಕೆ ಮಾನ ಕಾಪಾಡುವುದು ಎಂದು ಹೆಸರು.

ಗುರುವಾರ ಸಂಜೆ ಗಂಡಿನ ಕಡೆಯವರು ಬಂದರು. ಹುಡುಗನ ತಾಯಿ ಸುತ್ತ ನೋಡಿ, "ನಿಮ್ಮಮ್ಮ ಎಲ್ಲಿದಾರಮ್ಮ?" ಎಂದಳು.

"ತವರಿಗೆ ಹೋಗಿದಾಳೆ," ಅಜ್ಜಿ ಉತ್ತರಿಸಿದಳು.

ಮಗಳು ಮನೆಗೆ ಬಂದವರ ಎದುರು ಒಂದು ಮಾತೂ ಆಡಿದವಳಲ್ಲ. ಮೂಗಿ ಎಂದು ದೊಡ್ಡಪ್ಪ ಕರೆಯುತ್ತಿದ್ದದ್ದು ಅದಕ್ಕೇ. ಅವಳು ಟೀ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಇಲ್ಲ. ಅಮ್ಮ ಹಿಂದಿನ ರೂಮಲ್ಲಿದಾಳೆ. ಇವರು ಚಿಲಕ ಹಾಕಿದಾರೆ. ಅವಳಿಗೆ ಕುಡಿತದ ಕಾಯಿಲೆ, ವಾಸಿ ಮಾಡ್ಕೊಳ್ತಿದಾಳೆ."

ಅವಳು ಹೋಗಿ ಚಿಲಕ ತೆಗೆದಳು. ಅಮ್ಮ ತಲೆ ಬಾಚಿ, ಬೇರೆ ಬಟ್ಟೆ ಉಟ್ಟು ಮಂಚದ ಮೇಲೆ ಕುಳಿತಿದ್ದಳು. ಬಾಟಲಿ ಮುಚ್ಚಳ ತೆಗೆಯದೆ ಗೋಡೆ ಪಕ್ಕ ನಿಂತಿತ್ತು. ಅದರ ಕಡೆ ಬೆನ್ನು ಹಾಕಿಕೊಂಡೇ ಅಮ್ಮ ಎದ್ದಳು.

ಅಪ್ಪ ಹೊಸ್ತಿಲಿಗೆ ಅಡ್ಡ ನಿಂತ. "ಈಗ ಹೊರಗೆ ಹೋದ್ರೆ ನಿನ್ನ ಮದುವೆ ಮರೆತುಬಿಡು."

"ಆಯ್ತಪ್ಪ. ದಾರಿ ಬಿಡು."

ಬಂದವರ ಎದುರು ಕೈ ಎತ್ತಲಾರದೆ ಅಪ್ಪ ಸರಿದ.

ಬೀದಿಯಲ್ಲಿ ಅಮ್ಮ ಕೇಳಿದಳು, "ಅವರು ಬೇಡ ಅಂದ್ರೆ?"

"ಅನ್ನಲಿ ಬಿಡಮ್ಮ. ಬೇಗ ಬಾ, ತಡವಾದ್ರೆ ಮುರುಕು ಕುರ್ಚಿನೇ ಗತಿ."

ಗ್ರಂಥಾಲಯದ ಹಿಂದಿನ ಕೋಣೆಯ ಕಿಟಕಿ ರಸ್ತೆಗೆ ತೆರೆದಿತ್ತು, ಜನ ಓಡಾಡುತ್ತಿದ್ದರು. ಸರದಿ ಬಂದಾಗ ಅಮ್ಮ ಎದ್ದು ನಿಂತು, "ನಾನು ಕುಡೀತಿದ್ದೆ," ಎಂದು ಶುರು ಮಾಡಿದಳು. ದನಿ ದೊಡ್ಡದಾಗಿತ್ತು. ಕಿಟಕಿ ಮುಚ್ಚಲೇ ಎಂದು ನರ್ಸ್ ಕಣ್ಣಲ್ಲೇ ಕೇಳಿದಳು. ಮಗಳು ಬೇಡವೆಂದು ತಲೆಯಾಡಿಸಿದಳು.