ಟರ್ಪಿಟ್ಯೂಡ್ ಮನಾಂಗ್

ಪೆರ್ಪೆತುವಾ ಊರಿನ ಪಂಚಾಯಿತಿಯ ಮುಖ್ಯಸ್ಥೆಯಾಗಿ, ಅಂದರೆ ಕ್ಯಾಪ್ಟನ್ ಆಗಿ ಗೆದ್ದು ವಾರ ಕಳೆಯುವಷ್ಟರಲ್ಲಿ ಅವಳ ಮೇಲೆ ದೂರು ಬಿತ್ತು. ಕೊಟ್ಟವನು ಕ್ರಿಸಾಂತೊ. ಪಂಚಾಯಿತಿ ಸದಸ್ಯರ ಪೈಕಿ ಅತಿ ಹೆಚ್ಚು ಮತ ಬಿದ್ದದ್ದು ಅವನಿಗೆ. ಕ್ಯಾಪ್ಟನ್ ಕುರ್ಚಿ ಖಾಲಿಯಾದರೆ ಅದು ತಾನಾಗಿ ಅವನ ಪಾಲಿಗೆ ಬರುತ್ತದೆ. ದೂರಿನಲ್ಲಿ ದ್ವೀಪದವರು ಯಾರೂ ಕೇಳದಿದ್ದ ಒಂದು ಇಂಗ್ಲಿಷ್ ಮಾತಿತ್ತು: ಮಾರಲ್ ಟರ್ಪಿಟ್ಯೂಡ್.

ಅರ್ಥ ತಿಳಿಯುವ ಮೊದಲೇ ಜನಕ್ಕೆ ಅದು ಬಾಯಿಪಾಠವಾಯಿತು. ಮೀನು ಮಾರುವವಳು ಬುಟ್ಟಿ ಇಳಿಸುತ್ತಾ, "ಟರ್ಪಿಟ್ಯೂಡ್ ಮನಾಂಗ್, ಇವತ್ತು ಬಂಗಡೆ ಚೆನ್ನಾಗಿದೆ ನೋಡು," ಅಂದಳು. ಮನಾಂಗ್ ಅಂದರೆ ಅಕ್ಕ; ಟರ್ಪಿಟ್ಯೂಡ್ ಅವಳಿಗೆ ಯಾವುದೋ ಹುದ್ದೆಯ ಹೆಸರಿನಂತೆ ಕೇಳಿಸಿತ್ತು. ಪೆರ್ಪೆತುವಾ ಬಂಗಡೆ ಕೊಂಡಳು.

ಮೂಲ ಸಂಗತಿ ಸಣ್ಣದು. ಕೊಯ್ಲಿನವರು ಇಳಿದು ಹೋದ ಮೇಲೆ ದೊಡ್ಡ ತೋಟದಲ್ಲಿ ಉಳಿದ ತೆಂಗಿನಕಾಯಿಯನ್ನು ಊರವರು ಆಯ್ದುಕೊಳ್ಳುತ್ತಿದ್ದರು. ಅಜ್ಜಿಯರ ಕಾಲದಿಂದ ಹಾಗೇ ನಡೆದಿತ್ತು. ತೋಟ ಕೈಬದಲಾಯಿತು, ಹೊಸ ಯಜಮಾನ ಕಾವಲುಗಾರನನ್ನಿಟ್ಟ. ಚುನಾವಣೆಗೂ ಮುಂಚೆ, ಒಂದು ಬೆಳಿಗ್ಗೆ ಆಯುತ್ತಿದ್ದವರಲ್ಲಿ ಇಬ್ಬರು ಸಿಕ್ಕಿಬಿದ್ದರು. ಒಬ್ಬಳು ಪೆರ್ಪೆತುವಾ. ಇನ್ನೊಬ್ಬ ಇದೇ ಕ್ರಿಸಾಂತೊ.

ಕಳ್ಳತನದ ಕೇಸಾಯಿತು. ಕೋರ್ಟು ಇರುವುದು ಕಡಲಿನಾಚೆಯ ಪಟ್ಟಣದಲ್ಲಿ. ದ್ವೀಪಕ್ಕೆ ಮರಳುವ ದೋಣಿ ಮಧ್ಯಾಹ್ನ ಹೊರಡುತ್ತದೆ, ತಪ್ಪಿದರೆ ಮರುದಿನವೇ. ಅದಕ್ಕೇ ದ್ವೀಪದವರು ಕೋರ್ಟಿನಲ್ಲಿ ಬೇಗ ಒಪ್ಪಿಕೊಳ್ಳುತ್ತಾರೆ. ಒಪ್ಪಿಕೊಂಡರೆ ಚಿಲ್ಲರೆ ದಂಡ, ಮನೆ. ಇಲ್ಲವೆಂದರೆ ಮುಂದಿನ ತಾರೀಖು, ಅದರ ಮುಂದಿನ ತಾರೀಖು. ಪೆರ್ಪೆತುವಾಳ ಹೆಸರು ಕೂಗುವಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ಅವಳು ಹೌದು ಅಂದು ದಂಡ ಕಟ್ಟಿ ದೋಣಿಗೆ ಓಡಿದಳು. ಕ್ರಿಸಾಂತೊನ ಹೆಸರು ಕೂಗುವ ಹೊತ್ತಿಗೆ ದೋಣಿ ಹೊರಟುಹೋಗಿತ್ತು. ಇನ್ನು ಅವಸರವೇನು ಎಂದು ಅವನು ಇಲ್ಲ ಅಂದ. ಮುಂದಿನ ತಾರೀಖುಗಳಿಗೆ ಕಾವಲುಗಾರ ಸಾಕ್ಷಿಗೆ ಬರಲೇ ಇಲ್ಲ, ಕೇಸು ಬಿದ್ದುಹೋಯಿತು.

ಪಟ್ಟಣದ ವಕೀಲೆ ಸೊಲೆದಾದ್ ಕಾಗದ ಓದಿ ಕನ್ನಡಕ ತೆಗೆದಿಟ್ಟಳು. ಟರ್ಪಿಟ್ಯೂಡ್ ಅನ್ನಿಸಿಕೊಳ್ಳುವ ಅಪರಾಧದಲ್ಲಿ ಶಿಕ್ಷೆಯಾಗಿದ್ದರೆ ಎರಡು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ, ನೀನು ದಂಡ ಕಟ್ಟಿ ಇನ್ನೂ ಅಷ್ಟು ಆಗಿಲ್ಲ ಎಂದಳು. ಪೆರ್ಪೆತುವಾ ಆ ಮಾತಿನ ಅರ್ಥ ಕೇಳಿದಳು.

"ನೀಚತನ ಅಂತ. ಅಕ್ಕಪಕ್ಕದೋರಿಗೆ, ಊರಿಗೆ ಮನುಷ್ಯ ಹೇಗೆ ನಡ್ಕೋಬೇಕೋ ಅದನ್ನ ಬಿಟ್ಟ ಹೊಲಸು ಬುದ್ಧಿ."

"ತೆಂಗಿನಕಾಯಿಗಾ, ಅಟರ್ನಿ?"

"ಕಾಯಿ ಲೆಕ್ಕಕ್ಕಿಲ್ಲ ಮನಾಂಗ್, ಕಳ್ಳತನ ಲೆಕ್ಕ. ಸಿಟ್ಟಲ್ಲಿ ಒಬ್ಬನ್ನ ಕಡಿದು ಹಾಕಿದ್ರೆ ಈ ಮಾತು ಅಂಟದೇನೂ ಇರಬಹುದು. ಕದ್ದೆ ಅಂದ್ರೆ ಅಂಟೇ ಅಂಟುತ್ತೆ."

ಪೆರ್ಪೆತುವಾ ತಲೆಯಾಡಿಸಿದಳು. ಸಿಟ್ಟು ಬರಬೇಕಿತ್ತು, ಕಾದಳು, ಬರಲಿಲ್ಲ. ಬೇರೆ ಯಾರದೋ ಹಲ್ಲು ಕೀಳುವುದನ್ನು ಪಕ್ಕದಲ್ಲಿ ಕೂತು ನೋಡುತ್ತಿರುವ ಹಾಗಿತ್ತು.

ದೂರಿನ ವಿಚಾರಣೆಯಲ್ಲಿ ಚುನಾವಣಾ ಅಧಿಕಾರಿ ಕೇಳಿದ್ದು ಒಂದೇ: ಒಪ್ಪಿಕೊಂಡದ್ದು ನೀನೇ ತಾನೆ? ಅವಳು ಊರಿನ ರೂಢಿ ಹೇಳಲು ಹೋದಳು. ಅದನ್ನು ಅಂದೇ ಹೇಳಬೇಕಿತ್ತು ಎಂದು ಆತ ಮೆತ್ತಗೆ ಹೇಳಿದ. ಒಳ್ಳೆಯ ಮನುಷ್ಯ, ಕುಡಿಯಲು ನೀರು ತರಿಸಿದ. ತಿಂಗಳೊಳಗೆ ತೀರ್ಪು ಬಂತು. ಕುರ್ಚಿ ಹೋಯಿತು.

ಪಂಚಾಯಿತಿ ಕಟ್ಟಡದ ಬೀಗದಕೈಗೆ ಕ್ರಿಸಾಂತೊ ತಾನೇ ಪೆರ್ಪೆತುವಾಳ ಮನೆಗೆ ಬಂದ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ನಿಂತ, ಒಳಗೆ ಬರಲಿಲ್ಲ. ಅವಳ ಗಂಡ ಎಲ್ಪಿದಿಯೊ ಅವನನ್ನು ನೋಡಿ ಹಿತ್ತಲಿಗೆ ಎದ್ದುಹೋದ.

"ಅವತ್ತು ನೀನೂ ಆಯ್ದಿದ್ದೆ, ಸಾಂತೊ," ಪೆರ್ಪೆತುವಾ ಹೇಳಿದಳು. ದೂರುವ ಧ್ವನಿಯಿರಲಿಲ್ಲ.

"ಆಯ್ದಿದ್ದೆ ಮನಾಂಗ್. ನಿನಗಿಂತ ಜಾಸ್ತೀನೇ." ಅವನು ತಲೆ ಕೆರೆದುಕೊಂಡ. "ಆದ್ರೆ ನಾನು ಎಲ್ಲೂ ಹೌದು ಅಂದಿಲ್ವಲ್ಲ."

ಅವಳು ಬೀಗದಕೈ ಕೊಟ್ಟಳು. ಬಾಗಿಲನ್ನು ಸ್ವಲ್ಪ ಮೇಲೆತ್ತಿ ಕೈ ತಿರುಗಿಸಬೇಕು, ಇಲ್ಲದಿದ್ದರೆ ಬೀಗ ಕಚ್ಚಿಕೊಳ್ಳುತ್ತದೆ ಎಂದೂ ಹೇಳಿಕೊಟ್ಟಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೋದ.

ಕ್ರಿಸಾಂತೊ ಪ್ರಮಾಣವಚನ ತೆಗೆದುಕೊಂಡ ಮರುದಿನ ಬೆಳಿಗ್ಗೆ ಇಬ್ಬರು ಹೆಂಗಸರು ಪೆರ್ಪೆತುವಾಳ ಅಡುಗೆಮನೆ ಬಾಗಿಲಿಗೆ ಬಂದರು. ಒಬ್ಬಳ ಹಂದಿ ಇನ್ನೊಬ್ಬಳ ಗೆಣಸಿನ ಪಾತಿ ಅಗೆದು ಹಾಕಿತ್ತು. ಇಬ್ಬರೂ ಒಟ್ಟಿಗೇ ಹೇಳಲು ಶುರುಮಾಡಿದರು. ಅವಳು ಮೀನಿನ ಹುರುಪೆ ತೆಗೆಯುತ್ತಿದ್ದ ಚಾಕುವಿನಿಂದಲೇ ಪಂಚಾಯಿತಿಯ ಕಡೆ ತೋರಿಸಿದಳು.

"ಅಲ್ಲಿಗೆ ಹೋಗಿ."

"ಸಾಂತೊಗೆ ಹಂದಿ ವಿಷಯ ಏನು ಗೊತ್ತು ಮನಾಂಗ್?" ಗೆಣಸಿನವಳು ಕೇಳಿದಳು.

"ಕಲೀತಾನೆ."

ಅವರು ಒಬ್ಬರನ್ನೊಬ್ಬರು ನೋಡಿಕೊಂಡು, ಜೊತೆಯಾಗಿಯೇ ನಡೆದರು. ಆಮೇಲೆ ಕ್ರಿಸಾಂತೊ ಗಟ್ಟಿಯಾಗಿ ಮಾತಾಡುವುದು ಇಲ್ಲಿಯವರೆಗೂ ಕೇಳಿಸಿತು. ಹಂದಿ ಕಟ್ಟಿಹಾಕು ಅನ್ನುತ್ತಿದ್ದ. ಅದು ತಪ್ಪು. ಇಬ್ಬರ ನಡುವಿನ ಬೇಲಿ ಕಿತ್ತುಹೋಗಿ ಎಷ್ಟೋ ಕಾಲವಾಗಿತ್ತು, ಇಬ್ಬರನ್ನೂ ಕೂಡಿಸಿ ಅದನ್ನು ಕಟ್ಟಿಸಿದರೆ ಮುಗಿಯುತ್ತಿತ್ತು. ಪೆರ್ಪೆತುವಾ ಮೀನನ್ನು ಮಗುಚಿ ಇನ್ನೊಂದು ಮಗ್ಗುಲಿನ ಹುರುಪೆ ಕೆರೆಯತೊಡಗಿದಳು.