ಬುಧವಾರದ ಮೇಜು

ಹೋಟೆಲಿನಲ್ಲಿ ತಿಂಡಿ ಬಡಿಸುವ ಗಾಡಿಯಮ್ಮ ಹಬೆಯಾಡುವ ಬುಟ್ಟಿಗಳ ಗಾಡಿಯನ್ನು ಮೇಜುಗಳ ನಡುವೆಯೇ ಬಿಟ್ಟು, ಕಣ್ಣೊರೆಸಿಕೊಳ್ಳುತ್ತ ಬಂದಾಗ ಅಕ್ಕ ತನ್ನ ಎರಡೂ ಕೈಗಳನ್ನು ಮುಂದಕ್ಕೆ ಚಾಚಿದಳು. ಗಂಡನನ್ನು ಕಳೆದುಕೊಂಡವಳು ತಾನು, ಸಮಾಧಾನದ ಮಾತು ತನಗೇ ಸಲ್ಲಬೇಕು. ಬೆಳಗಿನಿಂದ ಚಿತಾಗಾರದಲ್ಲಿ ಅದೇ ನಡೆದಿತ್ತು. ಬಂದವರು ಕೈ ಹಿಡಿಯುವುದು, ತಲೆ ಅಲ್ಲಾಡಿಸುವುದು, ಮುಂದಿನವರಿಗೆ ಜಾಗ ಬಿಡುವುದು. ಆದರೆ ಗಾಡಿಯಮ್ಮ ಅವಳ ಪಕ್ಕದಿಂದ ಹಾದುಹೋಗಿ, ಬಾಗಿಲ ಬಳಿ ಅಳುಕುತ್ತ ನಿಂತಿದ್ದ ತಂಗಿಯನ್ನು ತಬ್ಬಿಕೊಂಡಳು.

“ಹೋದ ಬುಧವಾರ ಚೆನ್ನಾಗೇ ಇದ್ರಲ್ಲಮ್ಮಾ ನಿಮ್ಮ ಯಜಮಾನ್ರು! ಎರಡು ಬುಟ್ಟಿ ಸೀಗಡಿ ಕಡುಬು ತಿಂದು, ಮೇಲೊಂದು ಕೆಟಲ್ ಟೀ ಕೇಳಿದ್ರು. ಹೇಗೆ ತಡ್ಕೋತೀರೋ ಏನೋ.”

ತಂಗಿ ಅವಳ ತೋಳು ಬಿಡಿಸಿಕೊಂಡಳು. “ನಾನಲ್ಲ, ಅವರು,” ಎಂದು ಅಕ್ಕನ ಕಡೆ ಗದ್ದ ಎತ್ತಿ ತೋರಿಸಿದಳು. “ಅವರು ಹೆಂಡ್ತಿ. ನನ್ನಕ್ಕ.”

ಗಾಡಿಯಮ್ಮ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿ, ಬಾಯಿ ಮುಚ್ಚಿಕೊಂಡು ಗಾಡಿ ತಳ್ಳಿಕೊಂಡು ಹೊರಟುಬಿಟ್ಟಳು. ಅಕ್ಕನ ಕೈಗಳು ಇನ್ನೂ ಗಾಳಿಯಲ್ಲೇ ಇದ್ದವು. ಮಗ ಬಂದು ಅವನ್ನು ಹಿಡಿದು, ಅಮ್ಮನನ್ನು ದೊಡ್ಡ ದುಂಡು ಮೇಜಿಗೆ ಕರೆದೊಯ್ದ. ಔಷಧಿ ಅಂಗಡಿಗೂ ಬಟ್ಟೆ ಇಸ್ತ್ರಿಯವನಿಗೂ ನಡುವೆ ಸಿಕ್ಕಿಕೊಂಡ ಈ ಪುಟ್ಟ ಚೀನೀ ಹೋಟೆಲಿನಲ್ಲೇ ತನ್ನ ಸಾವಿನ ಊಟ ಹಾಕಿಸಬೇಕೆಂದು ಸತ್ತವನು ಎಂದೋ ಹೇಳಿಟ್ಟಿದ್ದ. ತಮಾಷೆಗೆ ಹೇಳಿದ್ದೋ ನಿಜಕ್ಕೋ, ಮಗ ಅದನ್ನು ಆಜ್ಞೆಯೆಂದೇ ತಿಳಿದಿದ್ದ.

“ಅವಳನ್ನ ಯಾರು ಕರೆದಿದ್ದು?” ಅಕ್ಕ ಹಲ್ಲು ಕಚ್ಚಿ ಕೇಳಿದಳು.

“ನಾನೇ ಅಮ್ಮ. ಸಾವಿಗೆ ಬರಬೇಡ ಅನ್ನೋಕಾಗುತ್ತಾ? ಹನ್ನೊಂದು ವರ್ಷ ಆಯ್ತು, ಸಾಕು ಬಿಡು.”

*

ಹನ್ನೊಂದು ವರ್ಷದ ಹಿಂದೆ ಅಕ್ಕನ ಅಪೆಂಡಿಕ್ಸ್ ಒಡೆದಿತ್ತು. ಹದಿನಾಲ್ಕು ಹೊಲಿಗೆ ಹಾಕಿಸಿಕೊಂಡು ಹನ್ನೆರಡು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಗಂಡ ಲಿಫ್ಟ್ ಮೆಕ್ಯಾನಿಕ್. ಊರೆಲ್ಲ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿತ್ತು. ರಜೆ ಹಾಕಿ ಹಗಲೂ ಇರುಳೂ ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಗಂಜಿ ಕುಡಿಸಿದ, ತಲೆ ಬಾಚಿದ. ಅಕ್ಕಪಕ್ಕದ ಮಂಚದ ಹೆಂಗಸರು ತಮ್ಮ ಗಂಡಂದಿರಿಗೆ ಅವನನ್ನು ತೋರಿಸಿ ಮೂತಿ ತಿವಿದರು.

ಮನೆಗೆ ಬಂದ ದಿನ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ನೆಲದ ಮೇಲೆ ಕೂತು ಹೇಳಿದ. “ನಿಮ್ಮಮ್ಮ ಹೋಗಿಬಿಟ್ರು ಕಣೇ. ಆರು ದಿನ ಆಯ್ತಂತೆ.”

“ಆರು ದಿನ? ನಮಗೆ ಯಾಕೆ ಹೇಳಲಿಲ್ಲ?”

ಅವನು ನೆಲ ನೋಡುತ್ತ ಕೂತ. ಆಮೇಲೆ, “ನಿನ್ನ ತಂಗಿ ಎಲ್ಲಾ ಮುಗಿಸಿ ಆಮೇಲೆ ತಿಳಿಸಿದಳು,” ಎಂದ.

ಅಮ್ಮ ಇದ್ದದ್ದು ತಂಗಿಯ ಮನೆಯಲ್ಲಿ, ಇದೇ ಊರಿನ ಇನ್ನೊಂದು ತುದಿಯಲ್ಲಿ. ಎರಡು ಬಸ್ಸು ಬದಲಾಯಿಸಿದರೆ ಮುಗಿಯಿತು. ಸ್ಟ್ರೆಚರಿನಲ್ಲಾದರೂ ಹೋಗಿ ಮುಖ ನೋಡಬಹುದಿತ್ತು. ಅಕ್ಕ ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವಳು. ಕಂಡವರ ಸಾವು, ಹುಟ್ಟು, ಜಗಳವನ್ನೆಲ್ಲ ತಂತಿಗೆ ತಂತಿ ಸೇರಿಸಿ ಮುಟ್ಟಿಸಿದ್ದಳು. ತನ್ನ ಪಾಲಿನ ಒಂದು ಕರೆ ಮಾತ್ರ ತನಗೆ ಬರಲಿಲ್ಲ. ಮಾರನೇ ದಿನ ತಂಗಿ ಬಾಗಿಲಿಗೆ ಬಂದಾಗ ಅಕ್ಕ ಹೊಲಿಗೆ ಹಿಡಿದುಕೊಂಡೇ ಎದ್ದುಹೋಗಿ, ಬಾಯಿಗೆ ಬಂದದ್ದನ್ನೆಲ್ಲ ಅಂದು, ಮುಖದ ಮೇಲೆ ಕದ ಹಾಕಿದಳು. ತಂಗಿ ಒಂದಕ್ಕೂ ತಿರುಗಿ ಮಾತಾಡಲಿಲ್ಲ. ತಪ್ಪು ಮಾಡಿದವಳು ಏನು ತಾನೇ ಮಾತಾಡಿಯಾಳು!

“ನೀನು ನೋಡದ ಮುಖ ನಾನೂ ನೋಡಲ್ಲ,” ಎಂದಿದ್ದ ಗಂಡ, ಅವಳ ಕಣ್ಣೊರೆಸುತ್ತ. ಆ ಮಾತೊಂದನ್ನು ನೆಚ್ಚಿಕೊಂಡು ಅವಳು ಒಡಹುಟ್ಟಿದವಳನ್ನು ಬಿಟ್ಟು ಬದುಕಿದಳು.

*

ಮೇಜಿನ ಸುತ್ತ ಮಾತು ಶುರುವಾಗಿತ್ತು. ಲಿಫ್ಟಣ್ಣನ ಜೊತೆ ಇಪ್ಪತ್ತಾರು ವರ್ಷ ಗ್ರೀಸ್ ಮೆತ್ತಿಕೊಂಡಿದ್ದ ಜೊತೆಗಾರ ಮೆಕ್ಯಾನಿಕ್ಕು, ಬಿಸಿ ಬನ್ನಿನ ಅರ್ಧವನ್ನು ಬಾಯೊಳಗೆ ತುರುಕಿಕೊಂಡೇ ಕತೆ ಹೇಳುತ್ತಿದ್ದ.

“ಲಿಫ್ಟಿನ ಕೆಳಗಿನ ಗುಂಡಿಗೆ ಇಳಿಯೋದು ಅಂದ್ರೆ ನಮಗೆಲ್ಲ ಜೀವ ಬಾಯಿಗೆ ಬರೋದು. ಇವನು ಟಾರ್ಚ್ ಬಾಯಲ್ಲಿ ಕಚ್ಕೊಂಡು ಇಳಿದೇ ಬಿಡೋನು. ಭಯ ಅನ್ನೋದೇ ಇರಲಿಲ್ಲ ಪುಣ್ಯಾತ್ಮನಿಗೆ. ಆದ್ರೆ ನಿವೃತ್ತಿ ಆದ ದಿನ ಸ್ಪ್ಯಾನರ್ ಕೆಳಗಿಟ್ಟೋನು ಮತ್ತೆ ಮುಟ್ಟಲಿಲ್ಲ ನೋಡಿ.”

“ಮುಟ್ಟಲಿಲ್ಲ ಅಂದ್ರೆ?” ಅಕ್ಕ ಕೇಳಿದಳು. “ಬುಧವಾರ ಬುಧವಾರ ಆಸ್ಪತ್ರೆ ಲಿಫ್ಟ್ ನೋಡೋಕೆ ಹೋಗ್ತಿದ್ರಲ್ಲ.”

“ಯಾವ ಆಸ್ಪತ್ರೆ ಅತ್ತಿಗೆ? ಅಲ್ಲಿ ಹೊಸ ಲಿಫ್ಟ್ ಹಾಕಿ ಆರು ವರ್ಷ ಆಯ್ತು. ಬೇರೆ ಕಂಪನಿ ನೋಡ್ಕೊಳ್ಳುತ್ತೆ.”

ಅಷ್ಟು ಹೇಳಿ ಅವನು ಚಟ್ನಿಗೆ ಕೈ ಚಾಚಿದ. ಅಕ್ಕ ಎದ್ದಳು.

ತಂಗಿ ಮೀನಿನ ತೊಟ್ಟಿಯ ಪಕ್ಕದ, ಇಬ್ಬರೇ ಕೂರುವ ಮೇಜಿನಲ್ಲಿದ್ದಳು. ಯಾರೂ ಕೇಳದೆ ಗಾಡಿಯಮ್ಮ ಅಲ್ಲಿಗೆ ಟೀ ತಂದಿಟ್ಟು ಹೋಗಿದ್ದಳು. ಲೋಟ ಎರಡಿದ್ದವು. ಕೈಗೆ ಹತ್ತಿದ ಅಭ್ಯಾಸ ಸಾವಿಗೂ ಬಗ್ಗುವುದಿಲ್ಲವಲ್ಲ. ಅಕ್ಕ ಎದುರಿನ ಕುರ್ಚಿಯಲ್ಲಿ ಕೂತಾಗ, ಅದು ಗಂಡನ ಕುರ್ಚಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

“ಎಷ್ಟು ವರ್ಷದಿಂದ?”

“ಹನ್ನೊಂದು.”

“ನಾಚಿಕೆ ಆಗಲ್ವೇನೇ? ನನ್ನ ಗಂಡನ ಜೊತೆ ಏನು ನಿಂದು?”

“ಥೂ! ಆ ಯೋಚನೆ ಬೇಡ ಅಕ್ಕ.” ತಂಗಿಯ ದನಿ ಮೊದಲ ಸಲ ಏರಿತು. “ನಾನು ಬರ್ತಿದ್ದಿದ್ದು ಒಂದೇ ಮಾತು ಕೇಳೋಕೆ. ‘ಹೇಳಿದ್ರಾ ಭಾವ?’ ಅಂತ.”

“ಏನನ್ನ ಹೇಳೋದು?”

ತಂಗಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಅಮ್ಮನಿಗೆ ಜೋರಾದಾಗ ನಾನು ನಿನ್ನ ಮೊಬೈಲಿಗೆ ಮೂರು ಸಲ ಫೋನ್ ಮಾಡಿದ್ದೆ. ಮೂರೂ ಸಲ ಎತ್ತಿದ್ದು ಭಾವ. ಮೊದಲನೇ ಸಲ, ಡಾಕ್ಟ್ರು ಅವಳಿಗೆ ಏನೂ ತಿಳಿಸಬೇಡಿ ಅಂದಿದಾರೆ ಅಂದ್ರು. ಎರಡನೇ ಸಲ, ಸಂಜೆ ಹೇಳ್ತೀನಿ ಅಂದ್ರು. ಮೂರನೇ ಸಲ ಮಾಡೋ ಹೊತ್ತಿಗೆ ಅಮ್ಮ ಇರಲಿಲ್ಲ.”

ತೊಟ್ಟಿಯೊಳಗೆ ಒಂದು ದಪ್ಪ ಮೀನು ಗಾಜಿಗೆ ಮೂತಿ ಒತ್ತಿ ಬಾಯಿ ಬಿಟ್ಟು ಮುಚ್ಚುತ್ತಿತ್ತು. ಅಕ್ಕ ಅದನ್ನೇ ನೋಡಿದಳು.

“ಸುಳ್ಳು.”

“ನಿಜ ಅಕ್ಕ.”

“ಮತ್ತೆ ಬಾಗಿಲಿಗೆ ಬಂದಿದ್ದೆಯಲ್ಲ, ಆವತ್ತು ಬಾಯಿಗೆ ಏನಾಗಿತ್ತು?”

“ನೀನು ಬೈತಾ ನಿಂತಿದ್ದೆ. ನಿನ್ನ ಬೆನ್ನ ಹಿಂದೆ ಭಾವ ನಿಂತಿದ್ರು. ಹೀಗೆ.” ತಂಗಿ ಲೋಟ ಕೆಳಗಿಟ್ಟು ಎರಡೂ ಕೈ ಜೋಡಿಸಿ ತೋರಿಸಿದಳು. “ಕಣ್ಣಲ್ಲಿ ನೀರು ಸುರೀತಿತ್ತು. ನಿನ್ನ ಹೊಲಿಗೆ ಹಸಿ ಇತ್ತು. ಒಂದು ವಾರ ಹೋಗ್ಲಿ, ಅವರೇ ಹೇಳ್ತಾರೆ ಅಂದ್ಕೊಂಡೆ. ಆಮೇಲೆ ಪ್ರತಿ ಬುಧವಾರ ಅದೇ. ‘ಮುಂದಿನ ವಾರ ಖಂಡಿತ ಹೇಳ್ತೀನಿ ಕಣಮ್ಮ.’ ಕೆಲವು ಸಲ ‘ಇವತ್ತು ಅವಳನ್ನೂ ಕರ್ಕೊಂಡ್ ಬರ್ತೀನಿ’ ಅಂತ ಇಲ್ಲಿಗೆ ಫೋನ್ ಮಾಡಿ ಮೂರು ಲೋಟ ಇಡಿಸೋರು. ಬರೋವಾಗ ಒಬ್ಬರೇ ಬರೋರು.”

ಗುಂಡಿಗೆ ಇಳಿಯಲು ಹೆದರದ ಗಂಡಸು ಹೆಂಡತಿಯ ಮುಖಕ್ಕೆ ಹೆದರಿದ್ದ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಇವನು ಒಂದೇ ಸುಳ್ಳು ಹೇಳಿ ಅಕ್ಕತಂಗಿಯರನ್ನು ಕತ್ತರಿಸಿ ಹಾಕಿದ್ದ, ಕತ್ತರಿಸಿದ ಎರಡೂ ತುಂಡಿನ ಜೊತೆ ಕೂತು ವಾರವಾರವೂ ಉಂಡಿದ್ದ. ಅಕ್ಕನಿಗೆ ಮೈ ಉರಿಯಿತು. ಬೈಯೋಣವೆಂದರೆ ಬೆಳಿಗ್ಗೆ ಹತ್ತೂವರೆಗೇ ಅವನು ಬೂದಿಯಾಗಿದ್ದ. ಬೈಸಿಕೊಳ್ಳುವುದರಿಂದಲೂ ಎಷ್ಟು ಸಲೀಸಾಗಿ ತಪ್ಪಿಸಿಕೊಂಡ!

“ನೀನೂ ಅಷ್ಟೇ,” ಎಂದಳು. “ಹನ್ನೊಂದು ವರ್ಷ ಕಡುಬು ತಿಂದ್ಕೊಂಡು ಸುಮ್ಮನಿದ್ದೆ.”

“ನಾನು ಹೇಳಿದ್ರೆ ನಂಬ್ತಿದ್ಯಾ? ನನ್ನ ಮಾತನ್ನಾ, ಭಾವನ ಮಾತನ್ನಾ?”

ಅಕ್ಕನಿಗೆ ಉತ್ತರ ಗೊತ್ತಿತ್ತು. ಅದು ಗೊತ್ತಿದ್ದುದೇ ಎಲ್ಲಕ್ಕಿಂತ ನೋಯಿಸಿತು. ಕೇಳಲೋ ಬೇಡವೋ ಎಂಬಂತೆ ಕೇಳಿದಳು.

“ಅಮ್ಮ ಏನಾದ್ರೂ ಅಂದ್ಲಾ? ಕೊನೆಗೆ?”

“ನಿನ್ನ ಹೊಲಿಗೆ ಬಿಚ್ಚಿದ್ರಾ ಅಂತ ಕೇಳಿದ್ಲು. ಎರಡು ಸಲ ಕೇಳಿದ್ಲು. ಆಮೇಲೆ ಮಾತಿಲ್ಲ.” ತಂಗಿ ಮೂಗು ಒರೆಸಿಕೊಂಡಳು. “ಭಾವನಿಗೆ ಆವತ್ತೇ ಹೇಳಿದ್ದೆ, ಇದೊಂದನ್ನಾದ್ರೂ ನಿನಗೆ ಮುಟ್ಟಿಸಿ ಅಂತ.”

ಹನ್ನೊಂದು ವರ್ಷ ಆ ಮಾತು ತನ್ನ ಮನೆಯಲ್ಲೇ ಇತ್ತು. ಬೆಳಿಗ್ಗೆ ಕಾಫಿ ಕುಡಿಯುವಾಗ ಎದುರು ಕುರ್ಚಿಯಲ್ಲಿ, ರಾತ್ರಿ ಪಕ್ಕದ ದಿಂಬಿನ ಮೇಲೆ, ಅವನ ಬಾಯೊಳಗೆ. ಅಮ್ಮನ ನೆನಪಾಗಿ ತಾನು ಅತ್ತಾಗಲೆಲ್ಲ ಬೆನ್ನು ಸವರುತ್ತಿದ್ದನಲ್ಲ, ಆಗಲೂ ಅದನ್ನು ನುಂಗಿಕೊಂಡೇ ಸವರಿದ್ದ. ಅಕ್ಕನಿಗೆ ಅಳು ಒತ್ತರಿಸಿ ಬಂತು. ಗಂಡ ಸತ್ತ ಮೂರು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು, ಮತ್ತು ಅದು ಗಂಡನಿಗಾಗಿ ಆಗಿರಲಿಲ್ಲ. ದೂರದ ಮೇಜಿನಿಂದ ನೋಡಿದವರು ಲೊಚಗುಟ್ಟಿದರು, ಪಾಪ, ಈಗ ದುಃಖ ಹೊರಗೆ ಬಂತು ಎಂದರು.

*

“ಅಮ್ಮ, ಚಿಕ್ಕಮ್ಮ, ಬನ್ನಿ. ಎಲ್ಲಾ ತಣ್ಣಗಾಗ್ತಿದೆ.” ಮಗ ಬಂದು ಇಬ್ಬರನ್ನೂ ಎಬ್ಬಿಸಿಕೊಂಡು ಹೋದ.

ದುಂಡು ಮೇಜಿನ ಮೇಲೆ, ಬೆರಳು ತಾಕಿಸಿದರೆ ತಿರುಗುವ ಗಾಜಿನ ತಟ್ಟೆಯಲ್ಲಿ, ಬುಟ್ಟಿಗಳ ನಡುವೆ ಅವನು ಅಪ್ಪನ ಫೋಟೋ ನಿಲ್ಲಿಸಿದ್ದ. ಕತ್ತು ಸ್ವಲ್ಪ ವಾಲಿಸಿ ನಗುತ್ತಿರುವ ಫೋಟೋ. ಅಕ್ಕನಿಗೆ ಈ ಕಡೆ ಕುರ್ಚಿ ಸಿಕ್ಕಿತು, ತಂಗಿಗೆ ಸರಿಯಾಗಿ ಎದುರಿನ ಕಡೆ.

ಮಗ ನಿಂತುಕೊಂಡು ಗಂಟಲು ಸರಿಮಾಡಿಕೊಂಡ. “ನಮ್ಮಪ್ಪ ದೊಡ್ಡ ಮನುಷ್ಯ ಏನಲ್ಲ. ಆದ್ರೆ ಅಮ್ಮನ ಹತ್ರ ಒಂದು ಮಾತೂ ಮುಚ್ಚಿಟ್ಟೋರಲ್ಲ. ನನ್ನ ಮದುವೇಲಿ ಹೇಳಿದ್ದೂ ಅದೊಂದೇ, ಹೆಂಡ್ತಿ ಹತ್ರ ಸುಳ್ಳು ಹೇಳಬೇಡ ಅಂತ.” ಅವನು ಅಮ್ಮನ ಕಡೆ ತಿರುಗಿದ. “ಅಮ್ಮ, ನೀನೂ ಎರಡು ಮಾತು ಹೇಳು.”

ಎಲ್ಲರೂ ಕೈ ನಿಲ್ಲಿಸಿದರು. ಅಕ್ಕ ಮಗನ ಮುಖ ನೋಡಿದಳು. ಒಂದು ಮಾತು ಸಾಕಿತ್ತು. ಅದು ನಾಲಗೆಯ ತುದಿಗೆ ಬಂದು ನಿಂತಿತ್ತು. ಎದುರಿಗೆ ತಂಗಿ ಅವಳನ್ನೇ ನೋಡುತ್ತಿದ್ದಳು.

“ತಿನ್ನಿ,” ಎಂದಳು ಅಕ್ಕ. “ತಣ್ಣಗಾದ್ರೆ ಚೆನ್ನಾಗಿರಲ್ಲ.”

ಯಾರೋ ಸೀಗಡಿಯ ಬುಟ್ಟಿಗಾಗಿ ಗಾಜು ತಿರುಗಿಸಿದರು. ಫೋಟೋ ಮೆಲ್ಲಗೆ ಸುತ್ತಿ ಬಂದು ಅಕ್ಕನ ಎದುರಿಗೆ ನಿಂತು ನಕ್ಕಿತು. ಅವಳು ತಟ್ಟೆಯ ಅಂಚಿಗೆ ಬೆರಳಿಟ್ಟು ಅದನ್ನು ಮುಂದಕ್ಕೆ ತಳ್ಳಿದಳು. ಅದು ಅರ್ಧ ಸುತ್ತಿ ತಂಗಿಯ ಎದುರು ಹೋಯಿತು. ತಂಗಿ ತಲೆಯೆತ್ತದೆ ಗಾಜನ್ನು ತಿರುಗಿಸಿ ಕಳಿಸಿದಳು. ಅದು ಮತ್ತೆ ಅಕ್ಕನ ಕಡೆ ಬಂತು, ಮತ್ತೆ ಹೋಯಿತು.

“ನನಗಾಯ್ತು, ನೀವು ತಗೊಳ್ಳಿ ಅಂತ ಅಕ್ಕತಂಗಿ ಎಷ್ಟು ಉಪಚಾರ ಮಾಡ್ಕೋತಾರೆ ನೋಡಿ,” ಎಂದು ನಕ್ಕ ಜೊತೆಗಾರ, ಊಟದ ಕಡ್ಡಿಗಳನ್ನು ಎತ್ತಿ ಹಿಡಿದುಕೊಂಡು, ಹಾದುಹೋಗುತ್ತಿದ್ದ ಬುಟ್ಟಿಯನ್ನು ಗುರಿಯಿಡುತ್ತ. “ಅತ್ತಿಗೆ, ಒಂದು ಕಡೆ ನಿಲ್ಲಿಸ್ರಪ್ಪ. ಒಂದೂ ಕೈಗೆ ಸಿಗ್ತಿಲ್ಲ.”

ಇಬ್ಬರೂ ನಿಲ್ಲಿಸಲಿಲ್ಲ.