ರವಿವಾರ ಹತ್ತು ಗಂಟೆಗೆ ಎಂಗೇಜು

"ಎಂಗೇಜ್ ಅದ್ರಿ ಅಕ್ಕಾರ," ಎಂದ ಹೊಳಬಸಪ್ಪ, ರಿಸೀವರನ್ನು ಕಿವಿಯಿಂದ ಇಳಿಸದೆಯೇ.

ಪುಣೆಯ ಶಿವಾಜಿನಗರ ಬಸ್‌ಸ್ಟ್ಯಾಂಡಿನ ಎದುರು ಎಸ್‌ಟಿಡಿ ಬೂತು ಇಟ್ಟಿದ್ದ ಈ ಹೊಳಬಸಪ್ಪ ಜಮಖಂಡಿ ಕಡೆಯವನು. ಹರಟುವುದು ಕನ್ನಡದಲ್ಲಿ, ಬೈಯುವುದು ಮರಾಠಿಯಲ್ಲಿ, ಆದರೆ 'ಇಲ್ಲ' ಎನ್ನುವುದನ್ನು ಮಾತ್ರ ಅವನು ಇಂಗ್ಲಿಷಿನಲ್ಲೇ ಹೇಳುವವ. ಲೈನು ಸಿಗದಿದ್ದರೆ ಬಿಜಿ. ಮಳೆಗೆ ಕೆಟ್ಟಿದ್ದರೆ ಔಟ್ ಆಫ್ ಆರ್ಡರ್. ಎತ್ತುವವರೇ ಇಲ್ಲದಿದ್ದರೆ ನೋ ರಿಪ್ಲಾಯ್. ಫೋನು ಹಚ್ಚಿಸಲು ಬಂದಿದ್ದ ಚನ್ನಬಸವ್ವನಿಗೆ ಈ ಮಾತುಗಳ ಮೇಲೆಯೇ ಗುಮಾನಿ. ನಮ್ಮ ಮಾತಿನಲ್ಲಿ ಇಲ್ಲ ಎಂದರೆ ಎಲ್ಲಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೆ ಎಂದು ಹಿಂದೆಯೇ ನಾಲ್ಕು ಮಾತು ಬರುತ್ತವೆ. ಇವು ಹಾಗಲ್ಲ. ಮುಖದ ಮೇಲೆ ಬಾಗಿಲು ಹಾಕಿಕೊಂಡು, ಒಳಗೆ ಯಾರಿದ್ದಾರೆ ಎಂದೂ ಹೇಳುವುದಿಲ್ಲ.

"ಎಂಗೇಜ್ ಅಂದ್ರ ಯಾರೋ ಮಾತಾಡಾಕತ್ತಾರ ಅಂತಲ್ಲ?"

"ಹೌದ್ರಿ."

"ಯಾರು?"

"ಅದು ನನಗ ಹೆಂಗ ಗೊತ್ತಾಗಬೇಕ್ರಿ?"

ಸತತ ನಾಲ್ಕನೆಯ ರವಿವಾರ ಇದು. ಲೋಣಾವಳಾದ ಚಿಕ್ಕಿ ಅಂಗಡಿಯವರ ಮನೆಗೆ ಮಗಳು ಸುಮಂಗಲಾಳನ್ನು ಕೊಟ್ಟು ಅರ್ಧ ವರ್ಷವಾಗಿತ್ತು. ಮೊದಲ ಐದು ತಿಂಗಳು ಹತ್ತರ ಹೊಡೆತಕ್ಕೆ ಫೋನು ಸಿಗುತ್ತಿತ್ತು. ಈಗ ಆ ಮನೆಯಲ್ಲಿ ಹತ್ತು ಗಂಟೆಗೇ ಯಾರಿಗೆ, ಏನು ಅಷ್ಟೊಂದು ಮಾತು?

ಚನ್ನಬಸವ್ವನ ಸಂಶಯವೆಲ್ಲ ಬೀಗತಿ ಶಿವಕಾಂತಾಬಾಯಿಯ ಮೇಲೆ. ಮದುವೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಮರಾಠಿಯನ್ನೇ ಆಡಿದ ಹೆಂಗಸು. ಮೂರು ತಲೆಮಾರು ಇತ್ತ ಕಳೆದವರಿಗೆ ಕನ್ನಡ ಎಲ್ಲಿ ಉಳಿದೀತು ಎಂದು ಚನ್ನಬಸವ್ವ ಅಂದೇ ತೀರ್ಮಾನಿಸಿಬಿಟ್ಟಿದ್ದಳು. ಪುಣೆಯಲ್ಲಿ ನಮ್ಮವರಿಗೆ ಇದೊಂದು ಚಟ. ತರಕಾರಿಯವನ ಎದುರೇ ನಿಂತು ಅವನ ಬದನೆಕಾಯಿ ಹುಳುಕು ಎಂದು ಕನ್ನಡದಲ್ಲಿ ಆಡಿಕೊಳ್ಳುವುದು, ಅವನು ನಗುತ್ತ ತೂಗಿಕೊಡುವುದು. ಅದೇ ಧೈರ್ಯದ ಮೇಲೆ ಅವಳು ಫೋನಿನಲ್ಲಿ ಮಗಳ ವಿಚಾರಣೆ ನಡೆಸುತ್ತಿದ್ದಳು.

"ಹತ್ರ ಯಾರರೆ ಅದಾರೇನು? ನೀ ಹೌದು, ಇಲ್ಲ, ಅಷ್ಟ ಅನ್ನು. ಆಕಿ ನಿನ್ನ ಉಪಾಸ ಇಡ್ತಾಳೇನು? ನಿನ್ನ ಬಂಗಾರ ತನ್ನ ಕಪಾಟಿನ್ಯಾಗ ಇಟ್ಕೊಂಡಾಳೇನು? ಕುಂತಲ್ಲೆ ಕುಂತು ನಿನ್ನ ಕಡೆ ದುಡಿಸ್ತಾಳೇನು?"

ಮಗಳು ಹೌದು ಎಂದರೆ ಇವಳ ಎದೆ ಧಸಕ್ಕೆನ್ನುತ್ತಿತ್ತು. ಇಲ್ಲ ಎಂದರೆ, ಹೆದರಿ ಇಲ್ಲ ಅನ್ನುತ್ತಿದ್ದಾಳೆ ಎನಿಸುತ್ತಿತ್ತು.

ಗಂಡ ಶಿವರುದ್ರಪ್ಪ ಕಚೇರಿಯ ಗುಮಾಸ್ತ, ಯಾವುದಕ್ಕೂ ತಲೆ ಕೆಡಿಸಿಕೊಳ್ಳದವ. "ಎಂಗೇಜ್ ಅಂದ್ರ ಮನ್ಯಾಗ ಮಂದಿ ಜೀವಂತ ಅದಾರ ಅಂತ ತಿಳ್ಕೋ," ಎಂದು ಪೇಪರು ತಿರುವಿದ. ಚನ್ನಬಸವ್ವನಿಗೆ ಮೈಯೆಲ್ಲ ಉರಿಯಿತು. ಅತ್ತೆ ಬೇಕೆಂದೇ ರಿಸೀವರು ತೆಗೆದಿಟ್ಟು ತನ್ನ ಮಗಳ ಬಾಯಿ ಕಟ್ಟಿದ್ದಾಳೆ, ಇದರಲ್ಲಿ ಎರಡು ಮಾತಿಲ್ಲ. ಮುಂದಿನ ರವಿವಾರ ಯಾರಿಗೂ ತಿಳಿಸದೆ ಲೋಣಾವಳಾ ಲೋಕಲ್ ಹತ್ತಿದಳು.

ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಾಗ ಹತ್ತು ದಾಟಿ ಐದು ನಿಮಿಷ. ಮೊದಲು ಕಣ್ಣಿಗೆ ಬಿದ್ದದ್ದೇ ಟೆಲಿಫೋನು. ರಿಸೀವರು ಪಕ್ಕಕ್ಕೆ ಅಂಗಾತ ಮಲಗಿತ್ತು. ಸುಮಂಗಲಾ ಅಲ್ಲೇ ಕುಳಿತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು.

"ಕಳ್ಳಿ ಸಿಕ್ಕಳು," ಎಂದಳು ಚನ್ನಬಸವ್ವ. ಮಗಳ ಮುಖ ಕಂಡ ಸಂತೋಷಕ್ಕಿಂತ ತನ್ನ ಮಾತು ಖರೆಯಾದ ಸಂತೋಷವೇ ಅವಳಿಗೆ ಹೆಚ್ಚಾಗಿತ್ತು. "ಎಲ್ಲೆದಾಳ ನಿಮ್ಮತ್ತಿ? ಇದನ್ನ ತಗದಿಟ್ಟಾಕಿನ್ನ ಕರಿ."

"ನಾನ ತಗದಿಟ್ಟೀನಿ ಅವ್ವಾ."

"ಆಕಿ ಹೇಳಿ ತಗಿಸಿದ್ದು."

"ಅವರಿಗೆ ಗೊತ್ತ ಇಲ್ಲ." ಸುಮಂಗಲಾ ದನಿ ತಗ್ಗಿಸಿದಳು. "ಅವರ ತವರಮನಿ ಅಕ್ಕಲಕೋಟ. ಕನ್ನಡ ನಿನಕಿಂತ ಛಲೋ ಬರ್ತದ. ನೀ ಫೋನಿನ್ಯಾಗ ಒದರಿದ್ದು ಅಡಗಿಮನಿತನಕ ಕೇಳಸ್ತದ. ಐದು ತಿಂಗಳು ಅಷ್ಟೂ ಕೇಳ್ಯಾರ."

ಚನ್ನಬಸವ್ವನೂ ದನಿ ತಗ್ಗಿಸಿದಳು. "ನಿನಗೇನರೆ ಅಂದ್ರೇನು?"

"ಬೈಲಿಲ್ಲ. ಒಂದಿನ ನನ್ನ ಬಂಗಾರದ ಡಬ್ಬಿ ತಂದು ಕೈಯಾಗ ಕೊಟ್ಟು, 'ನಿನ್ನ ಹತ್ರನ ಇಟ್ಕೋವಾ, ನಿಮ್ಮವ್ವಗ ನಿದ್ದಿ ಬರ್ಲಿ' ಅಂದ್ರು. ಅವತ್ತ ಅವರು ಕನ್ನಡ ಮಾತಾಡಿದ್ದು ಮೊದಲ ಕೇಳಿದೆ ನಾ. ನೆಲದಾಗ ಇಳದು ಹೋಗೂಹಂಗ ಆತು."

"ನನಗ ಹೇಳಬಾರದಾಗಿತ್ತೇನು?"

"ಹೆಂಗ ಹೇಳ್ಲಿ? ಹೌದು, ಇಲ್ಲ, ಅಷ್ಟ ಅನ್ನು ಅಂತಿದ್ದಿ."

ಒಳಗಿನಿಂದ ಹೆಜ್ಜೆಯ ಸಪ್ಪಳ ಕೇಳಿತು. ಶಿವಕಾಂತಾಬಾಯಿ ನೀರಿನ ತಂಬಿಗೆ ಹಿಡಿದು ಬಂದರು. ಪಕ್ಕಕ್ಕೆ ಮಲಗಿದ್ದ ರಿಸೀವರನ್ನು ನೋಡಿದರು, ಬೀಗತಿಯನ್ನೂ ನೋಡಿದರು, ಯಾವುದರ ಬಗ್ಗೆಯೂ ಏನೂ ಕೇಳಲಿಲ್ಲ.

"ಬರ್ರಿ, ಕಾಲಿಗೆ ನೀರು ತಗೋರಿ. ಮಗಳ ಹತ್ರ ಕೇಳೂದಿದ್ದದ್ದೆಲ್ಲ ಸಮಾಧಾನಲೆ ಕೇಳ್ಕೋರಿ. ನಾ ಕೆಳಗ ಅಂಗಡ್ಯಾಗ ಇರ್ತೀನಿ. ಇಲ್ಲಿ ಯಾರೂ ಬರೂದಿಲ್ಲ," ಎಂದು ಶುದ್ಧ ಕನ್ನಡದಲ್ಲಿ ಹೇಳಿ, ಹೊರಗಿನಿಂದ ಬಾಗಿಲು ಮುಂದೆ ಮಾಡಿಕೊಂಡು ಇಳಿದು ಹೋದರು.

ಸುಮಂಗಲಾ ಸೊಪ್ಪಿನ ಪುಟ್ಟಿಯನ್ನು ಬದಿಗಿಟ್ಟಳು. "ಕೇಳವ್ವಾ," ಎಂದಳು.

ಚನ್ನಬಸವ್ವ ಬಾಯಿ ತೆರೆದಳು. ತಿಂಗಳಿಡೀ ಕೂಡಿಟ್ಟ ಪ್ರಶ್ನೆಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಎದುರಿಗೆ ಕುಳಿತ ಮಗಳು ತುಸು ಮೈಕೈ ತುಂಬಿಕೊಂಡಿದ್ದಳು, ಕೊರಳಲ್ಲಿ ಬಂಗಾರವಿತ್ತು, ಕೈಗಳು ಮೆತ್ತಗಿದ್ದವು. ನಾಚಿಕೆಗೆ ಚನ್ನಬಸವ್ವನ ಕಣ್ಣು ತುಂಬಿ ಬಂತು. ಆ ಮನೆಯಲ್ಲಿ ಸುಮಂಗಲಾಗೆ ಇದ್ದ ಕಷ್ಟ ಒಂದೇ, ಅದು ರವಿವಾರ ಹತ್ತು ಗಂಟೆಗೆ ಬರುತ್ತಿತ್ತು.